ಹುಚ್ಚು ರಾಜನಿಗೆ ಪಟಗಾ ಕಟ್ಟಿದ ಬೇಸಿಗೆ

ಹೋದ ವಾರ ಹಾನಗಲ್ಲಿಗೆ ಹೋಗಿದ್ದೆ. ಅರಿವೆ ಅಂಗಡಿಯಲ್ಲಿ ಲೈನಿಂಗ್ ಬಟ್ಟೆ ನೋಡುತ್ತ ಕುಳಿತಿದ್ದಾಗ ಪಕ್ಕದಲ್ಲಿ ಯಾರೋ ಮದುವೆ ಮಂದಿ ಪಟಗಾಕ್ಕೆ, ಅಂದರೆ ತಲೆಗೆ ಸುತ್ತುವ ಪೇಟಕ್ಕೆ, ಬಟ್ಟೆ ಕೇಳಿದರು. ಅಂಗಡಿಯವನು ಬಿಳಿ ಮಲಮಲ್ಲಿನ ಥಾನು ಕೊಡವಿ ಹಾಸಿದ. ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸೆರಗು ಮೂಗಿಗೆ ಹಿಡಿದು ಗೋಡೆಗೆ ಒರಗಿದೆ. "ಯಾಕ್ರಿ ಅಕ್ಕಾರ, ನೀರು ಕುಡೀತೀರೇನ್ರಿ?" ಎಂದ ಅಂಗಡಿಯವನು. ಬೇಡವೆಂದು ಎದ್ದು ಬಸ್ ಸ್ಟ್ಯಾಂಡಿಗೆ ಬಂದೆ. ಲೈನಿಂಗ್ ತರುವುದು ಹಾಗೇ ಉಳಿಯಿತು.

ಆ ವಾಸನೆ ನನ್ನ ಪಾಲಿಗೆ ಮೂರು ವರ್ಷದ ಹಿಂದಿನ ಒಂದು ಬೇಸಿಗೆ. ಅದನ್ನು ಇದುವರೆಗೆ ಯಾರ ಮುಂದೂ ಪೂರ್ತಿ ಹೇಳಿಲ್ಲ. ಬಾಯಿ ಜೋರಿನ ಹೆಂಗಸು ಎಂದು ಊರಲ್ಲಿ ಹೆಸರು ಮಾಡಿದವಳು ನಾನು, ಆದರೆ ಇದೊಂದು ವಿಷಯಕ್ಕೆ ಬಾಯಿಗೆ ಬೀಗ ಬಿದ್ದಿತ್ತು.

ರಟ್ಟೀಹಳ್ಳಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅವ್ವ ಮತ್ತು ಅಣ್ಣನ ಜೊತೆ ಇದ್ದೇನೆ. ಅಣ್ಣನ ಹೆಸರು ಚನ್ನಬಸಪ್ಪ. ಪಟಗಾ ಕಟ್ಟುವುದರಲ್ಲಿ ಅವನನ್ನು ಸರಿಗಟ್ಟುವವರು ಸುತ್ತ ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಅಪ್ಪನಿಂದ ಬಂದ ವಿದ್ಯೆ. ಒಂದು ಕಾಲಕ್ಕೆ ಶಿಗ್ಗಾಂವಿ, ಸವಣೂರಿನ ಮದುವೆಗಳಿಗೂ ಅವನನ್ನೇ ಕರೆಯುತ್ತಿದ್ದರು. ಮದುಮಗನನ್ನು ಮಣೆಯ ಮೇಲೆ ಕೂರಿಸಿ, ಬಟ್ಟೆಯ ತುದಿಯನ್ನು ಅವನ ಹಲ್ಲಿಗೆ ಕಚ್ಚಿಸಿ, ಸುತ್ತಿನ ಮೇಲೆ ಸುತ್ತು ಹಾಕಿ, ಉಳಿದ ತುದಿಯ ಚುಂಗನ್ನು ಬೆನ್ನ ಮೇಲೆ ಇಳಿಬಿಟ್ಟು ಹಿಂದೆ ಸರಿದನೆಂದರೆ, ಎಂಥ ಪೆದ್ದ ಮುಖದ ಹುಡುಗನೂ ದೇಸಾಯಿಯ ಹಾಗೆ ಕಾಣುತ್ತಿದ್ದ.

ಮೂವತ್ತರ ಹೊಸ್ತಿಲಲ್ಲಿ ಅವನಿಗೆ ತಲೆ ಕೆಟ್ಟಿತು. ಹೀಗೇ ಹೇಳುತ್ತೇನೆ, ಸುತ್ತಿ ಬಳಸಿ ಹೇಳಿದರೆ ಕಾಯಿಲೆ ಸಣ್ಣದಾಗುವುದಿಲ್ಲ. ನಾಲ್ಕು ದಿನ ನಿದ್ದೆ ಮಾಡಲಿಲ್ಲ. ಐದನೆಯ ದಿನ ದೊಡ್ಡ ಪಟಗಾ ಸುತ್ತಿಕೊಂಡು ಬಜಾರಿನಲ್ಲಿ ನಿಂತು ಹುಕುಂ ಕೊಡಲು ಸುರುಮಾಡಿದ. ತಹಶೀಲ್ದಾರರನ್ನು ಬೀದರಿಗೆ ವರ್ಗ ಮಾಡಿದ. ಊರಿನ ಎಲ್ಲ ಓಣಿಗೂ ರಸ್ತೆ ಮಂಜೂರು ಮಾಡಿದ. ಮಂದಿ ಸುಮ್ಮನಿದ್ದಾರೆಯೇ? ಕುರ್ಚಿ ತಂದು ಹಾಕಿದರು. "ಸರಕಾರ, ನಮ್ಮ ಓಣಿಗೊಂದು ಬೋರ್ ಕೊಡ್ರಿ" ಎಂದು ಕೈಮುಗಿದರು, ಬಿದ್ದು ಬಿದ್ದು ನಕ್ಕರು. ಆಗ ಬಿದ್ದ ಹೆಸರು ಸರಕಾರ.

ಧಾರವಾಡದ ಆಸ್ಪತ್ರೆಯಲ್ಲಿ ಗುಣವಾಯಿತು. ದಿನಾ ಊಟವಾದ ಮೇಲೆ ಎರಡು ಬಿಳಿ ಗುಳಿಗೆ, ತಪ್ಪದೆ, ಸಾಯುವತನಕ ಎಂದು ಡಾಕ್ಟರು ಹೇಳಿ ಕಳಿಸಿದರು. ಅಂದಿನಿಂದ ಅಣ್ಣ ನೆಟ್ಟಗಿದ್ದ. ಆದರೆ ಮದುವೆಗೆ ಕರೆಯುವುದು ನಿಂತಿತು. ಹುಚ್ಚು ಹಿಡಿದವನ ಕೈಯಿಂದ ಮದುಮಗನ ತಲೆ ಮುಟ್ಟಿಸುವುದುಂಟೆ? ಅಪಶಕುನ. ಹನ್ನೊಂದು ವರ್ಷ ಒಬ್ಬರೂ ಕರೆಯಲಿಲ್ಲ. ಅವನಿಗೆ ಹೆಣ್ಣು ಕೇಳಲು ಹೋದಲ್ಲೂ ಅದೇ ಮಾತು. ಹುಚ್ಚು ಬಿಡುವತನಕ ಮದುವೆಯಾಗುವುದಿಲ್ಲ, ಮದುವೆಯಾಗುವತನಕ ಹುಚ್ಚು ಬಿಡುವುದಿಲ್ಲ ಎಂದು ನಮ್ಮೆದುರಿಗೇ ಗಾದೆ ಹೇಳಿ ಚಹಾ ಕೊಟ್ಟು ಕಳಿಸಿದ ಪುಣ್ಯಾತ್ಮರೂ ಇದ್ದಾರೆ. ಅಣ್ಣ ನನ್ನ ಅಂಗಡಿಯ ಮೂಲೆಯಲ್ಲಿ ಕುಳಿತು ಗುಂಡಿ ಹಚ್ಚುತ್ತಿದ್ದ.

ಆ ಬೇಸಿಗೆ ಅಬಲೂರಿನ ಆಚೆಗೆ ಅರಮನೆಯಂಥ ಒಂದು ಹಾಳುಬಿದ್ದ ವಾಡೆಗೆ ಸಿನಿಮಾದವರು ಬಂದರು. ಹಳೆಯ ಕಾಲದ ರಾಜನ ಕಥೆಯಂತೆ. ಜೋಳ ಕೊಯ್ದು ಹೊಲಗಳು ಬೋಳಾಗಿದ್ದವು, ಜನಕ್ಕೂ ಕೆಲಸವಿರಲಿಲ್ಲ, ದರ್ಬಾರಿನಲ್ಲಿ ನಿಲ್ಲಲು ನೂರಿಪ್ಪತ್ತು ಮಂದಿ ಒಂದೇ ದಿನದಲ್ಲಿ ಸಿಕ್ಕರು. ಅವರ ವೇಷಭೂಷಣದ ಮೇಡಂ, ಶೈಲಜಾ ಎಂದು ಹೆಸರು, ಅಂಗಿಗಳ ಅಂಚು ಮಡಿಸಿಕೊಡಲು ನನ್ನ ಅಂಗಡಿಗೆ ಬಂದರು. ಬಂದವರೇ ತಲೆ ಚಚ್ಚಿಕೊಂಡರು.

"ರೆಡಿಮೇಡ್ ಪೇಟ ತಂದಿದ್ವಿ, ಕ್ಯಾಮೆರಾದಲ್ಲಿ ಬುಟ್ಟಿ ಥರ ಕಾಣ್ಸುತ್ತೆ. ಇಲ್ಲಿ ಕಟ್ಟೋರು ಯಾರಾದ್ರೂ ಇದ್ದಾರಾ?"

"ಅದಾರ್ರಿ. ನಮ್ಮಣ್ಣನ ಅದಾನ."

"ಸರಿಯಾಗಿ ಕೆಲ್ಸಕ್ಕೆ ಬರ್ತಾರಾ? ಬೇರೆ ಏನೂ ತೊಂದ್ರೆ ಇಲ್ಲ ತಾನೆ?"

ಅವರು ಕೇಳಿದ್ದು ಕುಡಿತದ ಬಗ್ಗೆ. "ಬೀಡಿ ಸೈತ ಸೇದೂದಿಲ್ರಿ" ಎಂದೆ. ಅದು ನಿಜವೇ. ಉಳಿದದ್ದನ್ನು ನುಂಗಿಕೊಂಡೆ.

ಮನೆಗೆ ಬಂದು ಹೇಳಿದಾಗ ಅಣ್ಣ ಅಟ್ಟದಿಂದ ಅಪ್ಪನ ಹಳೆಯ ಪಟಗಾ ಇಳಿಸಿದ. ಸುತ್ತುವುದು ಬಿಚ್ಚುವುದು, ಸುತ್ತುವುದು ಬಿಚ್ಚುವುದು, ಕತ್ತಲಾಗುವವರೆಗೂ ಅದೇ ನಡೆಯಿತು. ಅವ್ವ ನನ್ನನ್ನು ಒಲೆಯ ಹತ್ತಿರ ಕರೆದು ಪಿಸುಗುಟ್ಟಿದಳು. "ನೀಲಾ, ಬಿಸಲಾಗ ಹಾಕಬ್ಯಾಡವ್ವಾ. ನಿದ್ದಿಗೆಟ್ರ ಅಂವ ಕೆಡತಾನ, ಗೊತ್ತೈತಿಲ್ಲೋ ನಿನಗ?"

"ಮೂಲ್ಯಾಗ ಕುಂತು ಗುಂಡಿ ಹಚ್ಚಿ ಸಾಯ್ಲೇನು ಅಂವ? ನಾ ಇದ್ದೇನಲ್ಲ, ನೋಡ್ಕೋತೇನಿ" ಎಂದೆ.

ಬೆಳಿಗ್ಗೆ ಐದಕ್ಕೆ ಟೆಂಪೋ. ವಾಡೆಯ ಮುಂದಿನ ಬೇವಿನ ಗಿಡದ ಕೆಳಗೆ ಅಣ್ಣ ಮಣೆ ಹಾಕಿಕೊಂಡು ಕುಳಿತ. ನಮ್ಮೂರ ಕಡೆಯವರು ತಲೆ ಕೊಡಲು ಹಿಂದೆಮುಂದೆ ನೋಡಿದರು. "ಸರಕಾರನ ಕೈಲೆ ಕಟ್ಟಿಸಿಕೊಂಡು ನಮ್ಮ ತಲಿನೂ ಕೆಟ್ಟರ?" ಎಂದ ಒಬ್ಬ. ನನಗೆ ರೇಗಿತು.

"ನಿನ್ನ ತಲ್ಯಾಗ ಏನರ ಇದ್ರ ಕೆಡತೈತಿ. ಇಲ್ಲದ್ದು ಹೆಂಗ ಕೆಟ್ಟೀತು? ಕುಂದರು ಸುಮ್ನ!"

ನಗೆ ಎದ್ದಿತು. ಹಿರೇಬೆಂಡಿಗೇರಿಯ ಫಕೀರಪ್ಪಜ್ಜ ಎಂಬ ಮುದುಕ, ಅಬಲೂರಿನ ಮಗಳ ಮನೆಗೆ ಬಂದವನು, ಮೊದಲು ಬಂದು ಕುಳಿತ. ಕಟ್ಟಿದ್ದಾದ ಮೇಲೆ ಕನ್ನಡಿ ನೋಡಿಕೊಂಡು ಮೀಸೆ ಸವರಿದ. "ನನ್ನ ಲಗ್ನದಾಗ ಹಿಂಗ ಕಟ್ಟಿದ್ರೋ ತಮ್ಮಾ" ಎಂದ. ಆಮೇಲೆ ಸಾಲು ನಿಂತಿತು.

ರಾಜನ ಪಾತ್ರ ಮಾಡುವವರು ನಾಟಕದಿಂದ ಬಂದ ವಯಸ್ಸಾದ ನಟರು. ಕ್ಯಾಮೆರಾ ಇಲ್ಲದಾಗಲೂ ಎಲ್ಲರೂ ಅವರನ್ನು ರಾಜರು ಎನ್ನುತ್ತಿದ್ದರು. ಅವರು ಮಣೆಯ ಮೇಲೆ ಕೂರುವ ಮೊದಲು ಅಣ್ಣನಿಗೆ ಕೈಮುಗಿದರು. ಹನ್ನೊಂದು ವರ್ಷದಲ್ಲಿ ಅಣ್ಣನಿಗೆ ಯಾರಾದರೂ ಚೇಷ್ಟೆಯಿಲ್ಲದೆ ಕೈಮುಗಿದದ್ದು ಅದೇ ಮೊದಲು. ನಾನು ಸೂಜಿ ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಮೂರನೆಯ ದಿನ ಮೇಡಂ ಹರಿದ ಅಂಗಿಗಳ ಗಂಟು ತಂದು, ಇವನ್ನು ಇನ್ನಷ್ಟು ಹರಿಯಬೇಕು ಎಂದರು. ಯಾಕೆಂದು ಕೇಳಿದೆ. "ರಾಜನಿಗೆ ಬುದ್ಧಿಭ್ರಮಣೆ ಆಗುತ್ತಲ್ಲ. ಮಂತ್ರಿಗಳು ಕೋಣೇಲಿ ಕೂಡಿಹಾಕ್ತಾರೆ. ಕಥೆನೇ ಅದು, ನಿಮಗೆ ಯಾರೂ ಹೇಳಿಲ್ವಾ?"

ಇಷ್ಟು ಊರು ಬಿಟ್ಟು, ಇಷ್ಟು ರಾಜರನ್ನು ಬಿಟ್ಟು, ಹುಚ್ಚು ರಾಜನ ಕಥೆಯನ್ನೇ ಹೊತ್ತು ಇವರು ನಮ್ಮ ಬಾಗಿಲಿಗೆ ಬರಬೇಕೆ? ಊಟದ ಹೊತ್ತಿಗೆ ಅಣ್ಣನನ್ನು ಗೋಡೆಯ ಮರೆಗೆ ಕರೆದು, "ಈ ಕೆಲಸ ಬ್ಯಾಡ, ನಡಿ ಮನಿಗೆ ಹೋಗೂಣು" ಎಂದೆ.

"ಕಥಿ ಸಲುವಾಗೇನು? ನನಗ ಮದಲನೇ ದಿನಾನ ಗೊತ್ತಾತು" ಎಂದ. "ದರ್ಬಾರದಾಗ ರಾಜಾ ಪಟಗಾ ಕಿತ್ತು ಒಗೀತಾನಂತ. ಬೀಳೂ ಪಟಗಾ ಕಟ್ಟೂದ ಬ್ಯಾರೆ ನೀಲಾ. ಬಿದ್ದ ಕೂಡಲೇ ಬಿಚ್ಚಿ ಹರಡಬೇಕು, ಆದ್ರ ಬೀಳೂತನಾ ಸಡ್ಲ ಆಗಬಾರ್ದು. ಅಪ್ಪಗೂ ಅಂಥಾದ್ದು ಕಟ್ಟೂ ಪಾಳಿ ಬಂದಿರಲಿಲ್ಲ."

ಅವನ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ನಾನು ಹೋಗಿ ಮತ್ತೆ ಸೂಜಿ ಹಿಡಿದೆ.

ತೊಂದರೆ ಬಂದದ್ದು ಬೇರೆ ದಿಕ್ಕಿನಿಂದ. ಡೈರೆಕ್ಟರು ಚಿಕ್ಕ ವಯಸ್ಸಿನವರು, ಬೆಂಗಳೂರಿನ ಕಡೆಯವರು. ಅಣ್ಣ ಪಟಗಾ ಕಟ್ಟುವುದನ್ನು ನೋಡಿ ಕುಣಿದಾಡಿಬಿಟ್ಟರು. ಪಟ್ಟಾಭಿಷೇಕದ ದೃಶ್ಯದಲ್ಲಿ ರಾಜನಿಗೆ ಪಟಗಾ ಕಟ್ಟುವ ಕೈ ಇವರದ್ದೇ ಇರಲಿ, ಕೈಯನ್ನಷ್ಟೇ ಹತ್ತಿರದಿಂದ ತೋರಿಸೋಣ ಎಂದರು. ಮಾರನೆಯ ದಿನ ಕ್ಯಾಮೆರಾ ಹಿಡಿದು ನೋಡಿದರೆ ಅಣ್ಣನ ಬೆರಳುಗಳು ನಡುಗುತ್ತಿದ್ದವು. ಆ ಗುಳಿಗೆಯ ಗುಣವೇ ಅದು. ನಮ್ಮ ಕಣ್ಣಿಗೆ ರೂಢಿಯಾಗಿತ್ತು, ಕ್ಯಾಮೆರಾದಲ್ಲಿ ಎದ್ದು ಕಂಡಿತು.

"ಯಾಕಮ್ಮ ನಡುಗ್ತಿದೆ?" ಎಂದು ಮೇಡಂ ನನ್ನನ್ನು ಕೇಳಿದರು.

"ಚಾ ಭಾಳ ಕುಡೀತಾನ್ರಿ" ಎಂದೆ.

"ಶನಿವಾರದವರೆಗೆ ನೋಡ್ತೀವಿ. ಸರಿ ಹೋಗ್ಲಿಲ್ಲ ಅಂದ್ರೆ ಬೇರೆ ಯಾರನ್ನಾದ್ರೂ ಕರೆಸಬೇಕಾಗುತ್ತೆ. ಒಬ್ರೇ ಎಲ್ಲಾ ಕಟ್ಟಿದ್ರೆ ಒಂದೇ ಥರ ಬರುತ್ತೆ ನೋಡಿ, ಆಗ ಇವರು ಕಟ್ಟಿರೋದನ್ನೂ ಬದಲಾಯಿಸಬೇಕು."

ಅಣ್ಣ ಕೈಗಳನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ದೂರ ಹೋಗಿ ನಿಂತ. ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ಇನ್ನು ನಾನು ಮಾಡಿದ್ದನ್ನು ಹೇಳುತ್ತೇನೆ. ಹನ್ನೊಂದು ವರ್ಷದಿಂದ ಅವನ ಗುಳಿಗೆ ನನ್ನ ಕೈಯಲ್ಲೇ ಇದ್ದವು. ಸಂಜೆ ಊಟವಾದ ಕೂಡಲೇ ಎರಡು ಗುಳಿಗೆ ಅವನ ಅಂಗೈಗೆ ಹಾಕುತ್ತಿದ್ದೆ, ನೋಡದೆ ನುಂಗುತ್ತಿದ್ದ. ಅವತ್ತು ಒಂದೇ ಹಾಕಿದೆ. ಅವನು ಅಂಗೈ ನೋಡಿದ, ನನ್ನನ್ನು ನೋಡಿದ.

"ಒಂದ ಐತಲ್ಲ?"

"ಡಾಕ್ಟರಿಗೆ ಫೋನ್ ಮಾಡಿದ್ದೆ. ಕೈ ನಡಗತಾವ ಅಂದ್ನಿ. ಸದ್ಯೇಕ ಒಂದ ಸಾಕಂದ್ರು."

ಫೋನ್ ಮಾಡಿರಲಿಲ್ಲ. ಮಾಡಿದರೆ ಬೇಡವೆನ್ನುತ್ತಾರೆ ಎಂದು ಗೊತ್ತಿದ್ದೇ ಮಾಡಿರಲಿಲ್ಲ. ಅಣ್ಣ ತಲೆಯಾಡಿಸಿ ನುಂಗಿ ನೀರು ಕುಡಿದ. ನನ್ನ ಮಾತು ಎಂದರೆ ಅವನಿಗೆ ಕಲ್ಲಲ್ಲಿ ಕೊರೆದ ಹಾಗೆ.

ಶನಿವಾರ ಕೈ ನಡುಗಲಿಲ್ಲ. ರಾಜರ ತಲೆಯ ಮೇಲೆ ಅವನ ಬೆರಳು ಆಡುವುದನ್ನು ನೂರು ಮಂದಿ ಉಸಿರು ಬಿಗಿಹಿಡಿದು ನೋಡಿದರು. ಕಟ್ಟಿ ಮುಗಿಸಿ ಚುಂಗು ಇಳಿಬಿಟ್ಟಾಗ ಡೈರೆಕ್ಟರು ಓಡಿಬಂದು ಅವನನ್ನು ಅಪ್ಪಿಕೊಂಡರು. ಸರಕಾರ ಎಂದು ಛೇಡಿಸುತ್ತಿದ್ದವರೇ ಚಪ್ಪಾಳೆ ತಟ್ಟಿದರು. ಅವತ್ತೇ ಮತ್ತೆ ಎರಡು ಗುಳಿಗೆ ಸುರುಮಾಡಬೇಕಿತ್ತು. ಇನ್ನೊಂದು ವಾರ, ದರ್ಬಾರಿನ ದೃಶ್ಯ ಆಗಿಬಿಡಲಿ ಎಂದುಕೊಂಡೆ. ಆಸೆಬುರುಕ ಮುಂಡೇದು, ಮತ್ತೇನು ಹೇಳಲಿ ನನಗೆ.

ಆ ವಾರ ಬಿಸಿಲು ಏರಿತು. ಮಧ್ಯಾಹ್ನ ವಾಡೆಯ ಕಲ್ಲು ಮುಟ್ಟಿದರೆ ಸುಡುತ್ತಿತ್ತು. ಸಂಜೆಯಾದರೆ ಹಾನಗಲ್ ದಿಕ್ಕಿನಲ್ಲಿ ಮೋಡ ಕಪ್ಪಾಗುತ್ತಿತ್ತು, ಗಾಳಿ ಎದ್ದು ಧೂಳು ಮೆತ್ತಿ ಹೋಗುತ್ತಿತ್ತು, ಮಳೆ ಮಾತ್ರ ಬರುತ್ತಿರಲಿಲ್ಲ. ಅಣ್ಣ ನಸುಕಿನಲ್ಲಿ ಮೂರಕ್ಕೇ ಎದ್ದು ಗಂಜಿ ಕಾಯಿಸಲು ಸುರುಮಾಡಿದ. ಮನೆಯ ಅಂಗಳದ ತುಂಬ ಬಿಳಿ ಬಟ್ಟೆ. ಟೆಂಪೋದಲ್ಲಿ ಎಲ್ಲರಿಗಿಂತ ಹೆಚ್ಚು ಮಾತು ಅವನದೇ. ವಾಡೆಯ ಯಾವ ಗೋಡೆ ಎಲ್ಲಿ ರಿಪೇರಿಯಾಗಬೇಕು ಎಂದು ಡ್ರೈವರನಿಗೆ ವಿವರಿಸುತ್ತಿದ್ದ. ಮನೆಯಲ್ಲಿ ಅವ್ವ ನನ್ನ ಮುಖ ನೋಡುತ್ತಿದ್ದಳು. ನಾನು ಅವಳ ಮುಖ ನೋಡುತ್ತಿರಲಿಲ್ಲ. "ಖುಷಿಯಾಗ್ಯಾನ ಅಷ್ಟ, ಇಷ್ಟ ವರ್ಷದ ಮ್ಯಾಲ ಖುಷಿ ಆಗಬಾರ್ದೇನು?" ಎಂದು ಗದರಿದೆ.

ದರ್ಬಾರಿನ ದಿನ ಬಂತು. ರಾಜನಿಗೆ ಬುದ್ಧಿ ಕೆಟ್ಟಿದೆ. ಸಿಂಹಾಸನದಿಂದ ಎದ್ದು ಅಸಂಬದ್ಧ ಹುಕುಂ ಕೊಡುತ್ತಾನೆ, ಪಟಗಾ ಕಿತ್ತು ನೆಲಕ್ಕೆ ಬಿಸಾಡುತ್ತಾನೆ, ಸಭೆಯೆಲ್ಲ ಗೊಳ್ಳೆಂದು ನಗುತ್ತದೆ. ದೃಶ್ಯ ಇಷ್ಟೇ. ಕ್ಯಾಮೆರಾ ಓಡಿತು. ರಾಜರು ಪಟಗಾ ಬಿಸಾಡಿದರು. ಅಣ್ಣ ಹೇಳಿದಂತೆಯೇ ಅದು ಬಿದ್ದ ಕೂಡಲೇ ಬಿಚ್ಚಿ ಉದ್ದಕ್ಕೆ ಹರಡಿತು. ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಫಕೀರಪ್ಪಜ್ಜ ಬಗ್ಗಿ ಪಟಗಾ ಎತ್ತಿಕೊಂಡು ಕಣ್ಣಿಗೊತ್ತಿಕೊಂಡುಬಿಟ್ಟ.

"ಕಟ್! ಅಜ್ಜ, ಅದನ್ನ ಮುಟ್ಬೇಡಿ. ನಗಬೇಕು ನೀವು."

ಮತ್ತೆ ಕಟ್ಟಿದ್ದಾಯಿತು, ಮತ್ತೆ ಬಿದ್ದದ್ದಾಯಿತು. ಈ ಸಲ ಅಜ್ಜ ಕೈಕಟ್ಟಿ ನಿಂತ, ಇನ್ನಿಬ್ಬರು ಬಗ್ಗಿದರು. ಮೂರನೆಯ ಸಲ ಯಾರೂ ಬಗ್ಗಲಿಲ್ಲ, ಆದರೆ ನೂರಿಪ್ಪತ್ತು ಮಂದಿಯೂ ಹೆಣದ ಮುಂದೆ ನಿಂತವರಂತೆ ನಿಂತಿದ್ದರು. ಬಿದ್ದ ಪಟಗಾ ನೆಲದಲ್ಲಿ ಬಿಡಬಾರದು, ಕಂಡವರು ಎತ್ತಿ ಕಣ್ಣಿಗೊತ್ತಿಕೊಳ್ಳಬೇಕು. ಹಾಲು ಕುಡಿಯುವಾಗಲೇ ನಮ್ಮ ಕಡೆಯ ಹುಡುಗರಿಗೆ ಇದು ಗೊತ್ತಿರುತ್ತದೆ. ಡೈರೆಕ್ಟರಿಗೆ ಹೇಗೆ ಗೊತ್ತಾಗಬೇಕು? ಬಿಸಿಲಿಗೆ ಅವರ ತಾಳ್ಮೆ ಮುಗಿದಿತ್ತು.

"ಏನ್ರೀ ಇದು? ಒಬ್ಬ ಹುಚ್ಚನ್ನ ನೋಡಿ ನಗೋಕೆ ನಿಮಗೆ ಇಷ್ಟು ಕಷ್ಟನಾ?"

ಹಿಂದಿನ ಸಾಲಿನಿಂದ ನಮ್ಮೂರವನೊಬ್ಬ ಹೇಳಿದ, "ಹುಚ್ಚನ್ನ ನೋಡಿ ನಗತೇವ್ರಿ ಸಾಹೇಬ್ರ. ಪಟಗಾ ಬಿದ್ರ ನಗಾಕ ಆಗೂದಿಲ್ರಿ."

ಇನ್ನೊಬ್ಬ ಸೇರಿಸಿದ. "ಹುಚ್ಚು ಹೆಂಗಿರತೈತಿ ಅಂತ ನಮ್ಮ ಸರಕಾರನ್ನ ಕೇಳ್ರಲ್ಲ. ಅಲ್ಲೇ ನಿಂತಾನ ನೋಡ್ರಿ. ಬಜಾರದಾಗ ದರ್ಬಾರ ಮಾಡಿದಾಂವ."

ಈಗ ಎಲ್ಲರೂ ನಕ್ಕರು. ಮೇಡಂ ನನ್ನ ಕಡೆ ತಿರುಗಿದರು. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಡೈರೆಕ್ಟರು ಮಾತ್ರ ಬೇರೆಯೇ ಮುಖ ಮಾಡಿಕೊಂಡು ಅಣ್ಣನ ಹತ್ತಿರ ಹೋದರು. "ನಿಜಾನಾ? ನಿಮಗೆ ಆಗಿತ್ತಾ? ಹೇಗಿತ್ತು ಹೇಳಿ, ಪ್ಲೀಸ್."

ಬೇಡ ಅಣ್ಣ, ಬೇಡ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅಣ್ಣ ನೆಲದ ಮೇಲಿದ್ದ ಪಟಗಾ ಎತ್ತಿಕೊಂಡು ಮಡಿಸುತ್ತ ರಾಜರನ್ನು ನೋಡಿ ಮಾತಾಡಿದ. ಡೈರೆಕ್ಟರನ್ನು ನೋಡಲೇ ಇಲ್ಲ.

"ತಲಿ ಕೆಟ್ಟಾಂವ ಪಟಗಾ ಒಗ್ಯೂದಿಲ್ರಿ. ಬಿಗಿ ಮಾಡ್ಕೋತಾನ. ಎಲ್ಲಾ ಕೈ ಬಿಟ್ಟು ಹೊಂಟಿರತೈತಿ, ಅದೊಂದ ತಲಿ ಹಿಡಕೊಂಡಿರತೈತಿ. ಕಸಗೊಳ್ಳಾಕ ಬಂದ್ರ ಕೊಡೂದಿಲ್ಲ, ಹೊಡೀತಾನ. ಮನಿಯವರು ಬಂದು ಪ್ರೀತೀಲೆ ಕೇಳ್ತಾರ. ಅವರಿಗೆ ಕೊಡತಾನ್ರಿ."

"ಯಾರು, ಮನೇಲಿ ಯಾರು ಕೇಳಿದ್ರು?" ಎಂದರು ಡೈರೆಕ್ಟರು.

"ಮನಿಯವರು" ಎಂದಷ್ಟೇ ಹೇಳಿದ ಅಣ್ಣ.

ಆ ಮನೆಯವರು ನಾನು. ಬಜಾರಿನಲ್ಲಿ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದಿದ್ದಾಗ ಸೋದರಮಾವ ನನ್ನನ್ನು ಮುಂದೆ ದಬ್ಬಿದ್ದ. "ಅಣ್ಣಾ, ಪಟಗಾ ಹೊಲಸಾಗೇತಿ, ತಾ ಇಲ್ಲೆ, ಒಗದು ಗಂಜಿ ಹಾಕಿ ಕೊಡತೇನಿ" ಎಂದಿದ್ದೆ. ಬಿಚ್ಚಿ ಕೊಟ್ಟ. ಮಾವ ಅದನ್ನು ನನ್ನ ಕೈಯಿಂದ ಇಸಿದುಕೊಂಡು ಅದರಿಂದಲೇ ಅವನ ಎರಡೂ ಕೈ ಹಿಂದಕ್ಕೆ ಕಟ್ಟಿದ. ಇದನ್ನು ಅಣ್ಣ ಮರೆತಿದ್ದಾನೆ ಎಂದೇ ಇಷ್ಟು ವರ್ಷ ತಿಳಿದಿದ್ದೆ.

ರಾಜರು ಡೈರೆಕ್ಟರಿಗೆ ಏನೋ ಹೇಳಿದರು. ದೃಶ್ಯ ಬದಲಾಯಿತು. ರಾಜ ಎರಡೂ ಕೈಯಿಂದ ಪಟಗಾ ಹಿಡಿದುಕೊಂಡು ಸಿಂಹಾಸನದ ಹಿಂದೆ ಸರಿಯುತ್ತಾನೆ, ರಾಣಿ ಹತ್ತಿರ ಹೋಗಿ ಕೈಚಾಚುತ್ತಾಳೆ, ಅವನು ನಿಧಾನಕ್ಕೆ ತೆಗೆದು ಕೊಡುತ್ತಾನೆ. ಒಂದೇ ಸಲಕ್ಕೆ ಮುಗಿಯಿತು. ಫಕೀರಪ್ಪಜ್ಜ ಅಳುತ್ತಿದ್ದ. ನನಗೆ ನೋಡಲಾಗದೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ.

ತಿರುಗಿ ನೋಡಿದಾಗ ಮೋಡ ತಲೆಯ ಮೇಲೆ ಬಂದಿತ್ತು. ಗಾಳಿಗೆ ಪರದೆಗಳು ಹಾರಾಡುತ್ತಿದ್ದವು, ಹುಡುಗರು ದೀಪ ಇಳಿಸಲು ಓಡಾಡುತ್ತಿದ್ದರು. ಅಣ್ಣ ಸಿಂಹಾಸನದ ಮೇಲೆ ಕುಳಿತಿದ್ದ. ರಾಜನ ಪಟಗಾ ಅವನ ತಲೆಯ ಮೇಲಿತ್ತು.

"ಮಳಿ ಸದ್ಯಕ್ಕ ತಡೀರಿ ಅಂತ ಹುಕುಂ ಹೊಂಡಸ್ರಿ! ಹಿರೇಕೆರೂರಿನ ಕೆರಿ ತುಂಬೂತನಾ ವಾಡೇದ ಮ್ಯಾಲೆ ಬೀಳಬಾರ್ದು!"

"ಸರಕಾರ, ನಮ್ಮ ಹೊಲಕ್ಕ?" ಎಂದು ಯಾರೋ ಕೂಗಿದರು. ನಗೆ ಎದ್ದಿತು. ಬೆಳಿಗ್ಗೆಯಿಂದ ಹುಡುಕಿದರೂ ಸಿಗದಿದ್ದ ನಗೆ ಈಗ ಯಾರೂ ಕೇಳದೆಯೇ ಬಂತು. ಡೈರೆಕ್ಟರು ಕ್ಯಾಮೆರಾದವನ ಭುಜ ಮುಟ್ಟಿ ಕಣ್ಣಲ್ಲೇ ಏನೋ ಹೇಳಿದ್ದನ್ನು ಕಂಡೆ. ಕ್ಯಾಮೆರಾ ಅಣ್ಣನ ಕಡೆ ತಿರುಗಿತು.

ಓಡಿಹೋಗಿ ಅದರ ಮುಂದೆ ನಿಂತೆ. "ಬಂದ್ ಮಾಡ್ರಿ ಅದನ್ನ! ಅಂವ ನಿಮ್ಮ ರಾಜಾ ಅಲ್ಲ, ನಮ್ಮಣ್ಣ. ಬಂದ್ ಮಾಡ್ತೀರೋ ಒಡದು ಹಾಕ್ಲೋ?"

ಡೈರೆಕ್ಟರು ಕೈ ಎತ್ತಿದರು, ಕ್ಯಾಮೆರಾ ನಿಂತಿತು. ಅವರ ಮುಖಕ್ಕೂ ನಾಚಿಕೆ ಬಂದಿತ್ತು. ಆದರೆ ಅಷ್ಟರಲ್ಲಿ ಸಾಮಾನು ಕಟ್ಟುತ್ತಿದ್ದ ಇಬ್ಬರು ಹಗ್ಗ ಹಿಡಿದುಕೊಂಡೇ ಸಿಂಹಾಸನದ ಕಡೆ ನಡೆದಿದ್ದರು. ಅಣ್ಣ ಹಗ್ಗ ನೋಡಿದ. ಎದ್ದು ನಿಂತು ಎರಡೂ ಕೈಯಿಂದ ಪಟಗಾ ಹಿಡಿದುಕೊಂಡ.

ಅವರನ್ನು ದಬ್ಬಿ ಮುಂದೆ ಹೋದೆ. "ಅಣ್ಣಾ, ಪಟಗಾ ನಿನ್ನ ತಲಿ ಮ್ಯಾಲೆ ಇರ್ಲಿ. ನಾ ಕೇಳೂದಿಲ್ಲ. ನಿನಗ ಆರಾಮ ಇಲ್ಲ, ನನಗ ಅಂಜಿಕಿ ಬಂದೈತಿ. ಧಾರವಾಡಕ್ಕ ಹೋಗೂಣು ನಡಿ."

ಪಟಗಾದಿಂದ ಒಂದು ಕೈ ಇಳಿಸಿದ. "ಸರಕಾರದ ಗಾಡಿ ಬಂದೈತೇನು?"

"ಬಂದೈತಿ."

ತಾನೇ ಇಳಿದು ಬಂದ. ಮೇಡಮ್ಮಿನ ಗಾಡಿಯಲ್ಲಿ ಮುಂದಿನ ಸೀಟಿನಲ್ಲಿ ಪಟಗಾ ಸಮೇತ ಕುಳಿತ. ಹಿರೇಕೆರೂರು ದಾಟಿ, ಹಾವೇರಿ ದಾಟಿ ಹೆದ್ದಾರಿಗೆ ಬಂದರೂ ಅವನ ಮಾತು ನಿಲ್ಲಲಿಲ್ಲ. ಶಿಗ್ಗಾಂವಿಯ ಹತ್ತಿರ ಆಣೆಕಲ್ಲು ಮಳೆ ಹಿಡಿಯಿತು. ತನ್ನ ಹುಕುಂ ಮೀರಿ ಬಿದ್ದ ಮಳೆಗೆ ಅವನು ಬೈಯುತ್ತಿದ್ದ. ನಾನು ಹಿಂದೆ ಕುಳಿತು, ಗುಳಿಗೆಯ ಮಾತು ಡಾಕ್ಟರಿಗೆ ಹೇಗೆ ಹೇಳುವುದು ಎಂದು ಜೋಡಿಸಿಕೊಳ್ಳುತ್ತಿದ್ದೆ.

ಮಾರನೆಯ ಮುಂಜಾನೆ ಡಾಕ್ಟರು ರಕ್ತದ ರಿಪೋರ್ಟು ನೋಡಿ ತಲೆ ಎತ್ತಿದರು. ಸೂಜಿ ಚುಚ್ಚಿದ್ದರಿಂದ ಅಣ್ಣ ಸ್ವಲ್ಪ ತಣ್ಣಗಾಗಿದ್ದ, ಕಣ್ಣು ಎಳೆಯುತ್ತಿತ್ತು, ಆದರೆ ಎಚ್ಚರವಿತ್ತು.

"ಔಷಧ ರಕ್ತದಾಗ ಇರಬೇಕಾದಷ್ಟು ಇಲ್ಲ. ಗುಳಿಗಿ ಕಡಿಮಿ ಮಾಡಿದ್ದು ಯಾರು? ಯಾರಿಗೆ ಕೇಳಿ ಮಾಡಿದ್ರಿ?"

ಅಣ್ಣ ನನ್ನ ಕಡೆ ತಿರುಗಿದ. ಡಾಕ್ಟರಿಗೆ ಫೋನ್ ಮಾಡಿದ್ದೆ ಎಂದು ನಾನು ಹೇಳಿದ್ದು ಸುಳ್ಳೆಂದು ಆಗ ಅವನಿಗೆ ತಿಳಿಯಿತು. ತಿಳಿದದ್ದು ನನಗೆ ಕಂಡಿತು.

"ನಾನರೀ" ಎಂದ ಅಣ್ಣ. "ಒಂದ ನುಂಗಿ ಒಂದ ಒಗೀತಿದ್ದೆ. ಆಕಿಗೆ ಗೊತ್ತಿಲ್ರಿ."

ಡಾಕ್ಟರು ಅವನನ್ನು ಚೆನ್ನಾಗಿ ಬೈದರು. ನಾನು ನಿಂತೇ ಇದ್ದೆ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ. ಬೈದಾದ ಮೇಲೆ ಅವರು ನನ್ನ ಕಡೆ ತಿರುಗಿದರು. "ಇವರ ಮಾತು ನಂಬಬ್ಯಾಡ್ರಿ ಅಕ್ಕಾರ. ಇನ್ನ ಮ್ಯಾಲೆ ನಿಮ್ಮ ಎದುರಿಗೇ ನುಂಗಬೇಕು. ಬಾಯಿ ತಗಸ್ರಿ, ನಾಲಿಗಿ ಎತ್ತಿಸಿ ನೋಡ್ರಿ. ನಿಮ್ಮ ಮ್ಯಾಲೆ ಬಿಟ್ಟೇನಿ."

"ಹೂಂನ್ರಿ" ಎಂದೆ.

ಎರಡು ವಾರದ ಮೇಲೆ ಅವನನ್ನು ಕರೆದುಕೊಂಡು ಬಂದಾಗ ವಾಡೆ ಖಾಲಿಯಾಗಿತ್ತು. ಸಿನಿಮಾ ತೆರೆಗೆ ಬಂತು, ಹೋಯಿತು, ನಾವು ನೋಡಲು ಹೋಗಲಿಲ್ಲ. ನೋಡಿದವರು ಪಟಗಾ ಕಟ್ಟುವ ಆ ಕೈಗಳ ಮಾತಾಡಿದರು. ಫಕೀರಪ್ಪಜ್ಜ ತನ್ನ ಮೊಮ್ಮಗನ ಮದುವೆಗೆ ಹಿರೇಬೆಂಡಿಗೇರಿಗೆ ಕರೆಸಿಕೊಂಡ. ಆಮೇಲೆ ಇನ್ನೂ ಒಂದೆರಡು ಮನೆಯವರು ಕರೆದರು. ಅಣ್ಣನ ಬೆರಳು ಮೊದಲಿಗಿಂತ ಹೆಚ್ಚು ನಡುಗುತ್ತವೆ, ಒಂದು ಪಟಗಾಕ್ಕೆ ಅರ್ಧ ತಾಸು ಬೇಕು, ಮದುಮಗ ಕಾಯುತ್ತಾನೆ.

ಅಣ್ಣ ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ. ಯಾಕೆ ಹಾಗೆ ಮಾಡಿದೆ ಎಂದಿಲ್ಲ, ಯಾಕೆ ಹೇಳಲಿಲ್ಲ ಎಂದಿಲ್ಲ. ದಿನಾ ಊಟವಾದ ಮೇಲೆ ನನ್ನ ಮುಂದೆ ಬಂದು ನಿಲ್ಲುತ್ತಾನೆ. ಎರಡು ಗುಳಿಗೆ ನುಂಗಿ, ನೀರು ಕುಡಿದು, ಬಾಯಿ ಅಗಲ ತೆರೆದು ನಾಲಿಗೆ ಎತ್ತಿ ತೋರಿಸುತ್ತಾನೆ. "ಬ್ಯಾಡೋ ಅಣ್ಣಾ, ನಿನ್ನ ಕೈ ಮುಗೀತೇನಿ, ನನಗ ತೋರಸಬ್ಯಾಡ" ಎಂದು ಒಮ್ಮೆ ಅತ್ತುಬಿಟ್ಟೆ.

"ಡಾಕ್ಟರ್ ಹೇಳ್ಯಾರಲ್ಲವಾ" ಎಂದ. "ಸರಿಯಾಗಿ ನೋಡು."